ಕಾಯಕವೇ ಕುರುಹಾದ ಶರಣ ನುಲಿಯ ಚಂದಯ್ಯ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನೆರೆದ ಶಿವಶರಣರ ನಾಮಾವಳಿಯನ್ನು ಅವಲೋಕಿಸಿದರೆ ಒಂದು ವಿಶೇಷವು ಮನಸ್ಸಿಗೆ ಹೊಳೆಯುತ್ತದೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದರ ಕೇತಯ್ಯ, ಹಡಪದ ಅಪ್ಪಣ್ಣ, ಆಯ್ದಕ್ಕಿ ಮಾರಯ್ಯ! ಇಷ್ಟಲಿಂಗವನ್ನು ಧರಿಸಿದ ಮೇಲೆ ಪೂರ್ವದ ಜಾತಿಯು ಅಳಿಯಿತೆಂದು ಸಾರಿದ ಈ ಮಹನೀಯರು, ತಮ್ಮ ದುಡಿಮೆಯ ಹೆಸರನ್ನು ಮಾತ್ರ ಬಿಟ್ಟುಕೊಡಲಿಲ್ಲ. ಲೋಕವು ಯಾವ ಮಾತಿನಿಂದ ಅವರನ್ನು ಹೀನರೆಂದು ದೂರವಿರಿಸಿತ್ತೋ ಅದೇ ಮಾತು ಅವರಿಗೆ ಬಿರುದಾಯಿತು. ತಾನು ಯಾರೆಂಬ ಪ್ರಶ್ನೆಗೆ ಕುಲದಿಂದಲ್ಲ, ಕೈಯ ದುಡಿಮೆಯಿಂದ ಉತ್ತರ ಕೊಟ್ಟ ಈ ಶರಣಗಣದಲ್ಲಿ ನುಲಿಯ ಚಂದಯ್ಯನವರ ಸ್ಥಾನವು ಹಿರಿದು.

ಚಂದಯ್ಯನವರು ಈಗಿನ ವಿಜಯಪುರ ಜಿಲ್ಲೆಯ ಶಿವಣಗಿಯವರೆಂದು ಪರಂಪರೆಯು ಹೇಳುತ್ತದೆ. ಬಸವಣ್ಣನವರ ಕೀರ್ತಿಯನ್ನು ಕೇಳಿ ಅವರು ಕಲ್ಯಾಣಕ್ಕೆ ಬಂದರು. ಕೆರೆಯಂಗಳದಲ್ಲಿ ಬೆಳೆದ ಹೊಡಕೆ ಹುಲ್ಲನ್ನು ಕೊಯ್ದು ತಂದು, ಒಣಗಿಸಿ, ಹೊಸೆದು, ಹಗ್ಗವನ್ನೂ ಕಣ್ಣಿಯನ್ನೂ ಮಾಡಿ ಮಾರುವುದು ಅವರ ಕಾಯಕ. ಬಂದ ಹಣದಿಂದ ಜಂಗಮ ದಾಸೋಹವನ್ನು ನಡೆಸುವುದು ಅವರ ವ್ರತ. ಹುಲ್ಲಿಗೆ ಬೆಲೆಯಿಲ್ಲ, ಹೊಸೆಯುವ ಕೈಗೆ ಲೋಕದಲ್ಲಿ ಮಾನವೂ ಇಲ್ಲ. ಆದರೆ ಆ ಹಗ್ಗವು ಸತ್ಯದಿಂದ ಹುಟ್ಟಿದುದಾದ್ದರಿಂದ ಅದರ ಪ್ರತಿಫಲವು ಶಿವನಿಗೆ ಸಲ್ಲುವ ಪ್ರಸಾದವಾಗುತ್ತಿತ್ತು. ಚಂದೇಶ್ವರಲಿಂಗ ಎಂಬ ಅಂಕಿತದಲ್ಲಿ ಅವರು ರಚಿಸಿದ ವಚನಗಳು ದೊರೆತಿವೆ. ಸಂಖ್ಯೆಯಲ್ಲಿ ಅವು ಕೆಲವೇ ಆದರೂ ಕಾಯಕತತ್ತ್ವಕ್ಕೆ ಅವುಗಳಷ್ಟು ನಿಷ್ಠುರವಾದ ನಿರೂಪಣೆಯು ವಿರಳ.

ಅವರ ಜೀವನದ ಮುಖ್ಯ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಒಂದು ದಿನ ಹುಲ್ಲು ಕೊಯ್ಯುತ್ತಿದ್ದಾಗ ಚಂದಯ್ಯನವರ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದಿತು. ತನ್ನನ್ನು ತಾನಾಗಿ ಅಗಲಿದ ಲಿಂಗದ ಹಂಗು ತನಗೇಕೆಂದು ಬಗೆದು, ಅವರು ಹುಲ್ಲಿನ ಹೊರೆಯನ್ನು ಹೊತ್ತು ಮನೆಯ ಕಡೆಗೆ ನಡೆದರು. ಲಿಂಗದೇವನು ಬೆನ್ನುಹತ್ತಿ ಬೇಡಿಕೊಂಡರೂ ಅವರು ಒಪ್ಪಲಿಲ್ಲ. ಆಗ ಎದುರಾದವರು ಮಡಿವಾಳ ಮಾಚಯ್ಯನವರು. ಲಿಂಗವನ್ನು ತೊರೆದು ಮಾಡುವ ಕಾಯಕವು ಪೂರ್ಣವಲ್ಲ, ಕ್ರಿಯೆಯೂ ಅರಿವೂ ಒಂದನ್ನೊಂದು ಬಿಟ್ಟು ನಿಲ್ಲಲಾರವು ಎಂದು ಅವರು ತಿಳಿಯಹೇಳಿದರು. ಚಂದಯ್ಯನವರು ತಲೆಬಾಗಿದರು, ಆದರೆ ಒಂದು ಕಟ್ಟಳೆಯನ್ನಿಟ್ಟರು. ಲಿಂಗದೇವನೂ ಸುಮ್ಮನೆ ಕುಳಿತು ಪೂಜೆಗೊಳ್ಳಬಾರದು, ಹಗ್ಗವನ್ನು ಮಾರಿ ಬರುವ ಕಾಯಕವನ್ನು ಅವನೂ ಮಾಡಬೇಕು!

ಲಿಂಗದೇವನು ಮಾರಾಟಕ್ಕೆ ಹೊರಟು ಬಸವಣ್ಣನವರ ಮಹಾಮನೆಗೆ ಹೋದನು. ಭಕ್ತಿಪರವಶರಾದ ಬಸವಣ್ಣನವರು ಹಗ್ಗದ ಬೆಲೆಯನ್ನು ಮೀರಿ ಹೊನ್ನಿನ ರಾಶಿಯನ್ನೇ ಕೊಟ್ಟರು. ಅದನ್ನು ಕಂಡ ಚಂದಯ್ಯನವರಿಗೆ ಹರ್ಷವಾಗಲಿಲ್ಲ, ಕೋಪವೇ ಬಂದಿತು. ಹಗ್ಗಕ್ಕೆ ಸಲ್ಲುವ ಹಣವಷ್ಟೇ ತನ್ನದು, ಮಿಕ್ಕುದು ತನ್ನ ಬೆವರಿನಿಂದ ಹುಟ್ಟಿದುದಲ್ಲ, ಅಂತಹ ದ್ರವ್ಯದಿಂದ ಮಾಡಿದ ದಾಸೋಹವು ಶುದ್ಧವಲ್ಲವೆಂಬುದು ಅವರ ನಿಲುವು. ಕೊಟ್ಟವರು ಬಸವಣ್ಣನವರು, ತಂದವನು ಸಾಕ್ಷಾತ್ ಲಿಂಗದೇವ. ಆದರೂ ಬಡ ಹಗ್ಗಗಾರನು ತನ್ನ ಹಗ್ಗದ ಬೆಲೆಯನ್ನು ತಾನೇ ನಿರ್ಣಯಿಸಿದನು. ಗುರುವಾಗಲಿ, ಲಿಂಗವಾಗಲಿ, ಜಂಗಮವಾಗಲಿ ಕಾಯಕದಿಂದ ಯಾರಿಗೂ ವಿನಾಯಿತಿಯಿಲ್ಲವೆಂಬ ಅವರ ಸಿದ್ಧಾಂತವು ಈ ಎರಡು ಪ್ರಸಂಗಗಳಿಂದ ಸ್ಫುಟವಾಗುತ್ತದೆ.

1167ರ ಸುಮಾರಿನಲ್ಲಿ ಕಲ್ಯಾಣದಲ್ಲಿ ವಿಪ್ಲವವುಂಟಾಗಿ ಶರಣರು ದಿಕ್ಕು ದಿಕ್ಕಿಗೆ ಚದುರಿದಾಗ, ಚಂದಯ್ಯನವರು ದಕ್ಷಿಣಕ್ಕೆ ಬಂದು ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ಸೀಮೆಯ ನುಲೇನೂರಿನಲ್ಲಿ ಐಕ್ಯರಾದರೆಂದು ಭಕ್ತರು ನಂಬುತ್ತಾರೆ. ಕಲ್ಯಾಣವು ಅಳಿದರೂ ಅವರ ಹಗ್ಗವು ಹರಿಯಲಿಲ್ಲ, ಊರಿನ ಹೆಸರಿನಲ್ಲಿಯೇ ನುಲಿಯ ನೆನಪು ಉಳಿಯಿತು.

ಶರಣರ ಹೆಸರು ಜನಸಮುದಾಯವೊಂದಕ್ಕೆ ಹೇಗೆ ಆಸರೆಯಾಗಬಲ್ಲುದೆಂಬುದಕ್ಕೆ ಮುಂದಿನ ಇತಿಹಾಸವೇ ಸಾಕ್ಷಿ. ಕೊರಮ, ಕೊರಚ ಜನರು ಚಂದಯ್ಯನವರನ್ನು ತಮ್ಮ ಕುಲಗುರುವೆಂದು ಪೂಜಿಸುತ್ತಾರೆ. ಹಗ್ಗ, ಬುಟ್ಟಿ, ಪೊರಕೆಗಳನ್ನು ಮಾಡುತ್ತಲೂ, ಉಪ್ಪು ಧಾನ್ಯಗಳನ್ನು ಎತ್ತು ಕತ್ತೆಗಳ ಮೇಲೆ ಹೇರಿ ಊರಿಂದೂರಿಗೆ ಸಾಗಿಸುತ್ತಲೂ ಬದುಕಿದವರು ಇವರು. ರೈಲುಮಾರ್ಗಗಳು ಬಂದು ಈ ಹೇರಿನ ವ್ಯಾಪಾರವು ಕೈತಪ್ಪಿತು. ಅದೇ ಕಾಲದಲ್ಲಿ, 1871ರಲ್ಲಿ, ಬ್ರಿಟಿಷ್ ಸರ್ಕಾರವು ಕೆಲವು ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಎಣಿಸುವ ಕಾಯಿದೆಯನ್ನು ಮಾಡಿತು. 1911ರ ಬಳಿಕ ಮದರಾಸು ಪ್ರಾಂತದಲ್ಲಿಯೂ ಅದು ಜಾರಿಗೆ ಬಂದು, ಅಲ್ಲಿಯ ಕೊರಚ, ಕೊರವ ಜನರು ಪೊಲೀಸರ ದಫ್ತರಿಗೆ ಸೇರಿದರು. ದಫ್ತರು ಅವರನ್ನು ಕಳ್ಳರೆಂದು ಕರೆಯಿತು. ಅವರ ಮನೆಯ ನೆನಪು ಮಾತ್ರ ಅವರನ್ನು, ಬೆಲೆ ಮೀರಿದ ಹೊನ್ನನ್ನು ಒಲ್ಲೆನೆಂದ ಶರಣನ ಒಕ್ಕಲೆಂದು ಕರೆಯಿತು. 1952ರಲ್ಲಿ ಆ ಕಾಯಿದೆಯು ರದ್ದಾಯಿತು. ನೂಲು ಹುಣ್ಣಿಮೆಯ ದಿನ ಚಂದಯ್ಯನವರ ಜಯಂತಿಯು ಇಂದು ಸರ್ಕಾರದ ವತಿಯಿಂದಲೂ ನಡೆಯುತ್ತದೆ. ಹೊರಗಿನವರು ಬರೆದ ಹೆಸರಿಗಿಂತ ಒಳಗಿನವರು ಕಾಪಾಡಿಕೊಂಡ ಹೆಸರೇ ಬಾಳಿತು.

ಇಲ್ಲಿ ಒಂದು ಶಂಕೆಯು ಸಹಜವಾದುದು. ಕಾಯಕವೇ ಮನುಷ್ಯನ ಕುರುಹಾದರೆ, ಹಗ್ಗ ಹೊಸೆಯುವವನ ಮಗನು ಎಂದೆಂದಿಗೂ ಹಗ್ಗವನ್ನೇ ಹೊಸೆಯಬೇಕೆ? ಶರಣರ ಅಭಿಪ್ರಾಯವು ಖಂಡಿತವಾಗಿಯೂ ಅದಲ್ಲ. ಹುಟ್ಟು ಹೊರಿಸಿದ ಕಸುಬು ಜಾತಿ, ಅರಿತು ಸತ್ಯದಿಂದ ಕೈಗೊಂಡ ದುಡಿಮೆ ಕಾಯಕ. ಚಂದಯ್ಯನವರ ಹಿರಿಮೆಯಿದ್ದುದು ಹುಲ್ಲಿನಲ್ಲಿಯಲ್ಲ, ಅದನ್ನು ಹೊಸೆದ ಸಂಕಲ್ಪದಲ್ಲಿ. ಅವರ ಒಕ್ಕಲ ಮಗುವು ಇಂದು ಯಂತ್ರವನ್ನು ನಡೆಸಲಿ, ಪಾಠವನ್ನು ಹೇಳಲಿ, ಆ ಸಂಕಲ್ಪವಿದ್ದರೆ ಅದೇ ನುಲಿ.

ಈ ತತ್ತ್ವದ ಪರೀಕ್ಷೆಯು ಈಗ ನಡೆಯುತ್ತಿರುವುದು ಬೆಂಗಳೂರಿನ ಹೊರವಲಯದಂತಹ ಸ್ಥಳಗಳಲ್ಲಿ. ತುಮಕೂರು ರಸ್ತೆಯ ಪೀಣ್ಯದಲ್ಲಿ ಸಹಸ್ರಾರು ಸಣ್ಣ ಕಾರ್ಖಾನೆಗಳು ಬೆಳೆದಿವೆ. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯು ಹೊಸೂರು ರಸ್ತೆಯ ಬದಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿತು. ಸರ್ಕಾರಿ ನೌಕರಿಯನ್ನೇ ನೆಚ್ಚಿದ್ದ ಆಂಗ್ಲೋ-ಇಂಡಿಯನ್ ಜನರು ಮಣ್ಣಿನ ದುಡಿಮೆಯಿಂದ ಸ್ವಾವಲಂಬಿಗಳಾಗಲೆಂದು, ಚಾಮರಾಜೇಂದ್ರ ಒಡೆಯರು ಕೊಟ್ಟ ಭೂಮಿಯಲ್ಲಿ 1882ರಲ್ಲಿ ನೆಲೆಗೊಂಡ ವೈಟ್‌ಫೀಲ್ಡ್ ಈಗ ಗಣಕಯಂತ್ರದ ಉದ್ಯಮಕ್ಕೆ ನೆಲೆಯಾಗಿದೆ. ಈ ಸ್ಥಳಗಳಿಗೆ ನಾನಾ ಜಿಲ್ಲೆಗಳಿಂದ ಬಂದವರಿಗೆ ಕೊರಳಿನ ಗುರುತುಚೀಟಿಯೇ ಹೊಸ ಹೆಸರು. ಇಂಜಿನಿಯರನು ತಾನು ಹೊಸ ಯುಗದ ನಿರ್ಮಾಪಕನೆಂದು ತಿಳಿಯುತ್ತಾನೆ. ಲೇತಿನ ಮುಂದೆ ನಿಂತವನು ತನ್ನ ಕೈಯಿಲ್ಲದೆ ಯಾವ ಯಂತ್ರವೂ ಇಲ್ಲವೆಂದು ತಿಳಿಯುತ್ತಾನೆ. ನಸುಕಿನಲ್ಲಿ ನೆಲವನ್ನು ಗುಡಿಸಿ ಹೋಗುವವಳು ಏನು ತಿಳಿದಿದ್ದಾಳೆಂದು ಯಾರೂ ಕೇಳುವುದಿಲ್ಲ. ಕಾರ್ಖಾನೆಯಲ್ಲಿ ಹೆಗಲಿಗೆ ಹೆಗಲು ಕೊಟ್ಟವರೇ ಸಂಜೆ ಬಾಡಿಗೆಯ ಮನೆಯನ್ನು ಹುಡುಕಿಹೋದಾಗ ಜಾತಿಯ ಪ್ರಶ್ನೆಯನ್ನು ಎದುರಿಸುವುದುಂಟು. ಕೇಳುವವರ ಎದೆಯ ಮೇಲೆ ಲಿಂಗವಿದ್ದರೆ ಆ ಪ್ರಶ್ನೆಯು ಚಂದಯ್ಯನವರನ್ನೇ ಬಾಗಿಲಿನಿಂದ ಹಿಂದಕ್ಕೆ ಕಳುಹಿಸಿದಂತೆ.

ದುಡಿಸಿಕೊಂಡು ಕೂಲಿಯನ್ನು ತಡೆಹಿಡಿದು ಮಠಕ್ಕೆ ಕಾಣಿಕೆಯನ್ನು ಒಪ್ಪಿಸುವ ಯಜಮಾನನನ್ನು ಆ ಶರಣರು ಒಪ್ಪುತ್ತಿರಲಿಲ್ಲ. ದುಡಿಯದೆ ವೇತನವನ್ನು ಎಣಿಸುವ ನೌಕರನನ್ನೂ ಒಪ್ಪುತ್ತಿರಲಿಲ್ಲ. ಹಗ್ಗಕ್ಕೆ ಹಗ್ಗದ ಬೆಲೆ, ಮನುಷ್ಯನಿಗೆ ಶಿವನ ಬೆಲೆ. ಈ ಎರಡನ್ನೂ ಅರಿತು ನಡೆಯುವ ಗೃಹಸ್ಥನ ಮನೆಯೇ ಕಲ್ಯಾಣ, ಅವನ ದಿನದ ದುಡಿಮೆಯೇ ಲಿಂಗಪೂಜೆ.