ಆಮಶಂಕೆ ಎಂದುಕೊಂಡಿದ್ದು ಕ್ಯಾನ್ಸರ್ ಆಗಿತ್ತು: ತಂಗಿಯನ್ನು ಕಳೆದುಕೊಂಡು ಆಸ್ಪತ್ರೆ ಕಟ್ಟಿದ ಡಾ. ಮುತ್ತುಲಕ್ಷ್ಮಿ ರೆಡ್ಡಿ

ಚೆನ್ನೈ: ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಎಂದರೆ ದಕ್ಷಿಣ ಭಾರತದ ಸಾವಿರಾರು ಬಡ ರೋಗಿಗಳಿಗೆ ಕೊನೆಯ ಭರವಸೆ. ಈ ಆಸ್ಪತ್ರೆ ಹುಟ್ಟಲು ಕಾರಣವಾಗಿದ್ದು ಒಂದು ಮನೆಯ ದುಃಖ. ಆ ಮನೆಯಲ್ಲಿ ವೈದ್ಯೆಯೇ ಇದ್ದರು, ಆದರೂ ರೋಗ ಯಾವುದೆಂದು ಗೊತ್ತಾಗುವಷ್ಟರಲ್ಲಿ ಕಾಲ ಮೀರಿತ್ತು. ಆ ವೈದ್ಯೆಯೇ ಡಾ. ಮುತ್ತುಲಕ್ಷ್ಮಿ ರೆಡ್ಡಿ.

ಹುಡುಗರ ಕಾಲೇಜಿನಲ್ಲಿ ಒಬ್ಬಳೇ ಹುಡುಗಿ

ಮುತ್ತುಲಕ್ಷ್ಮಿ ಹುಟ್ಟಿದ್ದು 1886ರ ಜುಲೈ 30ರಂದು, ಪುದುಕೋಟೆ ಸಂಸ್ಥಾನದಲ್ಲಿ. ತಂದೆ ನಾರಾಯಣಸ್ವಾಮಿ ಅಯ್ಯರ್ ಕಾಲೇಜಿನ ಪ್ರಾಂಶುಪಾಲರು. ತಾಯಿ ಚಂದ್ರಮ್ಮಾಳ್ ದೇವದಾಸಿ ಸಮುದಾಯದವರು. ಹುಡುಗರ ಕಾಲೇಜಿಗೆ ಹುಡುಗಿಯನ್ನು ಸೇರಿಸಲು ವಿರೋಧ ಬಂದಾಗ ಅಲ್ಲಿನ ರಾಜರೇ ಅನುಮತಿ ಕೊಟ್ಟರು. 1907ರಲ್ಲಿ ಮದ್ರಾಸ್ ವೈದ್ಯಕೀಯ ಕಾಲೇಜು ಸೇರಿದ ಮುತ್ತುಲಕ್ಷ್ಮಿ, 1912ರಲ್ಲಿ ವೈದ್ಯೆಯಾಗಿ ಹೊರಬಂದರು. 1914ರಲ್ಲಿ ಡಾ. ಸುಂದರ ರೆಡ್ಡಿ ಅವರೊಂದಿಗೆ ಮದುವೆಯಾಯಿತು.

ಮೋಸ ಮಾಡಿದ ಲಕ್ಷಣಗಳು

1920ರ ದಶಕದ ಆರಂಭದಲ್ಲಿ ಅವರ ತಂಗಿ ಕಾಯಿಲೆ ಬಿದ್ದರು. ವೈದ್ಯರು ಅದನ್ನು ಆಮಶಂಕೆ ಎಂದು ತಿಳಿದು ಚಿಕಿತ್ಸೆ ಕೊಟ್ಟರು. ಆದರೆ ಅದು ಗುದನಾಳದ ಕ್ಯಾನ್ಸರ್ ಆಗಿತ್ತು. ನಿಜ ತಿಳಿದಾಗ ಮಾಡಲು ಹೆಚ್ಚೇನೂ ಉಳಿದಿರಲಿಲ್ಲ. ಚಿಕ್ಕ ವಯಸ್ಸಿನ ತಂಗಿ ನೋವಿನಲ್ಲಿ ನರಳಿ ಕಣ್ಣು ಮುಚ್ಚುವುದನ್ನು ಅಕ್ಕ ನೋಡಬೇಕಾಯಿತು.

ಇಂಥ ತಪ್ಪಿಗೆ ಕಾರಣವಿದೆ. ಮಲದಲ್ಲಿ ರಕ್ತ ಮತ್ತು ಲೋಳೆ, ಮತ್ತೆ ಮತ್ತೆ ಶೌಚಕ್ಕೆ ಹೋಗಬೇಕೆನಿಸುವುದು, ಹೋದರೂ ಸಮಾಧಾನವಾಗದಿರುವುದು ಇವೆಲ್ಲ ಆಮಶಂಕೆಯಲ್ಲೂ ಇರುತ್ತವೆ, ಗುದನಾಳದ ಗೆಡ್ಡೆಯಲ್ಲೂ ಇರುತ್ತವೆ. ಆಮಶಂಕೆ ಮನೆಮನೆಯ ಕಾಯಿಲೆಯಾಗಿದ್ದ ಕಾಲದಲ್ಲಿ, ಹರೆಯದ ಹೆಣ್ಣುಮಗಳಿಗೆ ಈ ಕ್ಯಾನ್ಸರ್ ಬಂದೀತು ಎಂಬ ಅನುಮಾನ ಸುಲಭಕ್ಕೆ ಹುಟ್ಟುವಂತಿರಲಿಲ್ಲ. ಇಂದಿನ ಕೊಲೊನೋಸ್ಕೋಪಿ, ಸ್ಕ್ಯಾನಿಂಗ್ ಸೌಲಭ್ಯಗಳೂ ಆಗ ಇರಲಿಲ್ಲ.

ಲಂಡನ್‌ನಲ್ಲಿ ಕಂಡ ದಾರಿ

1925ರಲ್ಲಿ ಹೆಚ್ಚಿನ ಅಧ್ಯಯನಕ್ಕೆ ಲಂಡನ್‌ಗೆ ಹೋದ ಮುತ್ತುಲಕ್ಷ್ಮಿ, ಅಲ್ಲಿನ ಕ್ಯಾನ್ಸರ್ ಆಸ್ಪತ್ರೆಯ ಕೆಲಸವನ್ನು ಹತ್ತಿರದಿಂದ ಕಂಡರು. ಬೇಗ ಪತ್ತೆಯಾದರೆ ಈ ರೋಗವನ್ನು ಎದುರಿಸಬಹುದು ಎಂಬುದು ಅವರಿಗೆ ಮನವರಿಕೆಯಾಯಿತು. ಮದ್ರಾಸಿನಲ್ಲೂ ಅಂಥದ್ದೊಂದು ಆಸ್ಪತ್ರೆ ಬೇಕು ಎಂಬ ಹಂಬಲ ಮತ್ತೆ ಅವರನ್ನು ಬಿಡಲಿಲ್ಲ.

ಊರಿಗೆ ಮರಳಿದ ಮೇಲೆ ಸಾರ್ವಜನಿಕ ಜೀವನ ಕೈಬೀಸಿ ಕರೆಯಿತು. 1927ರಲ್ಲಿ ಮದ್ರಾಸ್ ವಿಧಾನ ಪರಿಷತ್ತಿನ ಮೊದಲ ಮಹಿಳಾ ಸದಸ್ಯೆಯಾಗಿ, ಅದರ ಉಪಾಧ್ಯಕ್ಷೆಯೂ ಆದರು. ದೇವದಾಸಿ ಪದ್ಧತಿ ವಿರುದ್ಧ ಹೋರಾಡಿದರು. ಗಾಂಧೀಜಿ ಬಂಧನವನ್ನು ಖಂಡಿಸಿ 1930ರಲ್ಲಿ ಸ್ಥಾನ ತೊರೆದರು. ದಿಕ್ಕಿಲ್ಲದ ಹೆಣ್ಣುಮಕ್ಕಳಿಗಾಗಿ ಅವ್ವೈ ಇಲ್ಲಂ ಕಟ್ಟಿದರು.

12 ಹಾಸಿಗೆಗಳ ಆರಂಭ

ಇಷ್ಟೆಲ್ಲದರ ನಡುವೆಯೂ ಕ್ಯಾನ್ಸರ್ ಆಸ್ಪತ್ರೆಯ ಬೇಡಿಕೆಯನ್ನು ಅವರು ಕೈಬಿಡಲಿಲ್ಲ. 1935ರಲ್ಲಿ ಮದ್ರಾಸ್ ವೈದ್ಯಕೀಯ ಕಾಲೇಜಿನ ಶತಮಾನೋತ್ಸವದಲ್ಲಿ ಅದನ್ನು ಬಹಿರಂಗವಾಗಿ ಮುಂದಿಟ್ಟರು. ಕ್ಯಾನ್ಸರ್ ಬಂದರೆ ಸಾವೇ ಗತಿ ಎಂದು ಜನ ನಂಬಿದ್ದ ದಿನಗಳವು. 1941ರಲ್ಲಿ ಮುಂಬೈನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಶುರುವಾಯಿತು, ಮದ್ರಾಸ್ ಇನ್ನೂ ಕಾಯಬೇಕಾಯಿತು.

ಮಹಿಳಾ ಸಂಘಟನೆಯ ಮೂಲಕ ದೇಣಿಗೆ ಕೂಡಿಸಿದ ಮೇಲೆ, 1952ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅಡಿಗಲ್ಲು ಹಾಕಿದರು. 1954ರಲ್ಲಿ 12 ಹಾಸಿಗೆಗಳೊಂದಿಗೆ ಆಸ್ಪತ್ರೆ ಬಾಗಿಲು ತೆರೆಯಿತು. ತಂಗಿ ತೀರಿಕೊಂಡು ಆಗಲೇ ಮೂರು ದಶಕಗಳಾಗಿದ್ದವು. ಮಗ ಡಾ. ಕೃಷ್ಣಮೂರ್ತಿ ಮತ್ತು ಯುವ ವೈದ್ಯೆ ಡಾ. ವಿ. ಶಾಂತಾ ಅದನ್ನು ದೇಶದ ಪ್ರಮುಖ ಕ್ಯಾನ್ಸರ್ ಕೇಂದ್ರವಾಗಿ ಬೆಳೆಸಿದರು.

1956ರಲ್ಲಿ ಪದ್ಮಭೂಷಣ ಪಡೆದ ಮುತ್ತುಲಕ್ಷ್ಮಿ, 1968ರ ಜುಲೈ 22ರಂದು ನಿಧನರಾದರು. ಅವರ ಜನ್ಮದಿನವನ್ನು ತಮಿಳುನಾಡು ಆಸ್ಪತ್ರೆ ದಿನವಾಗಿ ಆಚರಿಸುತ್ತದೆ.

ಅವರ ತಂಗಿಗೆ ಸಿಗದ ಅವಕಾಶ ಇಂದಿನವರಿಗಿದೆ. ಮಲದಲ್ಲಿ ರಕ್ತ ಬರುವುದು ಔಷಧಿಗೂ ನಿಲ್ಲದಿದ್ದರೆ ಮೂಲವ್ಯಾಧಿ, ಆಮಶಂಕೆ ಎಂದು ಸುಮ್ಮನಿರುವಂತಿಲ್ಲ. ಬೆರಳಿನಿಂದ ಮಾಡುವ ಸರಳ ಪರೀಕ್ಷೆಯೂ ಎಷ್ಟೋ ಬಾರಿ ಗೆಡ್ಡೆಯ ಸುಳಿವು ಕೊಡುತ್ತದೆ. ಅದು ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದನ್ನು ಬಯಾಪ್ಸಿ ತಿಳಿಸುತ್ತದೆ.