ಮರಿಯಾ ಡಿಕಿನ್
ಮರಿಯಾ ಡಿಕಿನ್ 1870ರಲ್ಲಿ ಲಂಡನ್ ನಗರದಲ್ಲಿ ಪಾದ್ರಿಯೊಬ್ಬರ ಮಗಳಾಗಿ ಜನಿಸಿದರು. ಮೊದಲನೆಯ ಮಹಾಯುದ್ಧದ ದಿನಗಳಲ್ಲಿ ಆ ನಗರದ ಪೂರ್ವಭಾಗದ ಬಡಕೇರಿಗಳಿಗೆ ಸೇವೆಗೆಂದು ಹೋಗುತ್ತಿದ್ದಾಗ, ಕಜ್ಜಿ ಹತ್ತಿದ ಮೈಯಿಂದ, ಮುರಿದ ಕಾಲನ್ನು ಎಳೆಯುತ್ತ ಚರಂಡಿಯಲ್ಲಿ ಆಹಾರ ಅರಸುವ ನಾಯಿಗಳನ್ನು ಕಂಡು ಅವರ ಮನಸ್ಸು ಕಲಕಿತು. ಅಲ್ಲಿಯ ಜನರಿಗೆ ಮಮತೆಯಿರಲಿಲ್ಲವೆಂದಲ್ಲ. ತಮ್ಮ ಹೊಟ್ಟೆಗೇ ಇಲ್ಲದವರು ಪಶುವೈದ್ಯರಿಗೆ ಹಣವನ್ನು ಎಲ್ಲಿಂದ ತಂದಾರು?

1917ರ ನವೆಂಬರಿನಲ್ಲಿ ಡಿಕಿನ್ ವೈಟ್‌ಚಾಪೆಲ್ ಬಡಾವಣೆಯ ನೆಲಮಾಳಿಗೆಯೊಂದರಲ್ಲಿ ಉಚಿತ ಚಿಕಿತ್ಸಾಲಯವನ್ನು ತೆರೆದರು. ವೆಚ್ಚಕ್ಕೆ ದಾನಿಗಳ ಕೊಡುಗೆಯೇ ಆಧಾರ. ರೋಗಿಗಳ ಸಂಖ್ಯೆ ಬೆಳೆದು ಆ ಸ್ಥಳ ಬಹುಬೇಗ ಸಾಲದಾಯಿತು. ಮುಂದೆ ಕುದುರೆ ಎಳೆಯುವ ಬಂಡಿಯಲ್ಲಿಯೇ ಔಷಧಾಲಯ ಸಂಚರಿಸತೊಡಗಿತು. ಪದವಿಯಿಲ್ಲದವರು ಚಿಕಿತ್ಸೆ ನೀಡುವುದನ್ನು ಪಶುವೈದ್ಯರು ಆಕ್ಷೇಪಿಸಿದರು. ಆ ಆಕ್ಷೇಪದಲ್ಲಿ ಹುರುಳಿಲ್ಲದಿರಲಿಲ್ಲ; ಆದರೆ ಬಡವನ ನಾಯಿಗೆ ಅಂದು ಬೇರೆ ಬಾಗಿಲೂ ಇರಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ, 1943ರಲ್ಲಿ, ಶೌರ್ಯ ಮೆರೆದ ಪ್ರಾಣಿಗಳಿಗಾಗಿ ಅವರು ಪದಕವೊಂದನ್ನು ಸ್ಥಾಪಿಸಿದರು. 1940ರ ಬಾಂಬುದಾಳಿಯಲ್ಲಿ ದಿಕ್ಕಿಲ್ಲದೆ ಸಿಕ್ಕಿದ ರಿಪ್ ಎಂಬ ಬೀದಿನಾಯಿ, ಕುಸಿದ ಮನೆಗಳಡಿ ಸಿಲುಕಿದ್ದ ನೂರಕ್ಕೂ ಹೆಚ್ಚು ಜನರನ್ನು ಪತ್ತೆಹಚ್ಚಿತ್ತು. 1945ರಲ್ಲಿ ಆ ಪದಕ ರಿಪ್‌ನ ಕೊರಳನ್ನೇರಿತು. ಮರುವರ್ಷ ಅಸುನೀಗಿದ ಅದನ್ನು ಸಂಸ್ಥೆಯವರು ಇಲ್ಫರ್ಡಿನ ತಮ್ಮ ಪ್ರಾಣಿಗಳ ರುದ್ರಭೂಮಿಯಲ್ಲಿ ಹೂಳಿದರು. ಡಿಕಿನ್ 1951ರಲ್ಲಿ ನಿಧನರಾದರು.