ಅಣ್ಣನ ಯಂತ್ರ, ತಮ್ಮನ ಹಟ

ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕಟ್ಟಿದ ಎರ್ನ್ಸ್ಟ್ ರುಸ್ಕಾ ವೈದ್ಯರಲ್ಲ, ನಮ್ಮಂತೆ ಎಂಜಿನಿಯರ್. ಹುಟ್ಟಿದ್ದು 1906ರಲ್ಲಿ, ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ. 1931ರಲ್ಲಿ ಬರ್ಲಿನ್‌ನಲ್ಲಿ ಮ್ಯಾಕ್ಸ್ ನೋಲ್ ಜೊತೆ ಮಾಡಿದ ಮೊದಲ ಮಾದರಿ ವಸ್ತುವನ್ನು 20 ಪಟ್ಟು ಕೂಡ ಹಿಗ್ಗಿಸುತ್ತಿರಲಿಲ್ಲ. 1933ರಲ್ಲಿ ಕಟ್ಟಿದ ಯಂತ್ರ ಬೆಳಕಿನ ಸೂಕ್ಷ್ಮದರ್ಶಕವನ್ನೇ ಮೀರಿಸಿತು.

ಆದರೆ ಹಣ ಹಾಕುವವರು ಸಿಗಲಿಲ್ಲ. ಎಲೆಕ್ಟ್ರಾನ್ ಕಿರಣಕ್ಕೆ ಹತ್ತಿಯ ಎಳೆಯೇ ಕರಕಲಾಗುತ್ತಿತ್ತು. ಇನ್ನು ಜೀವಕೋಶ ಉಳಿದೀತೇ ಎಂಬುದು ಹಲವರ ಅನುಮಾನ. ರುಸ್ಕಾ ಟಿ.ವಿ. ತಯಾರಿಸುವ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು.

ಪಟ್ಟು ಬಿಡದವರು ವೈದ್ಯಕೀಯ ಓದಿದ್ದ ತಮ್ಮ ಹೆಲ್ಮುಟ್. ರೋಗದ ಮೂಲ ಕಾಣಲು ಇದು ಬೇಕೇ ಬೇಕು ಎಂದು ನಂಬಿದ್ದ ಅವರು, ಬರ್ಲಿನ್‌ನ ಷಾರಿಟೆ ಆಸ್ಪತ್ರೆಯ ಪ್ರೊ. ಸೀಬೆಕ್ ಅವರ ಬೆಂಬಲ ಗಳಿಸಿದರು. 1936ರಲ್ಲಿ ಸೀಬೆಕ್ ಬರೆದುಕೊಟ್ಟ ಅಭಿಪ್ರಾಯ ದಾರಿ ತೆರೆಯಿತು. ಮರುವರ್ಷ ಸೀಮೆನ್ಸ್ ಕಂಪನಿ ಕೆಲಸ ಕೈಗೆತ್ತಿಕೊಂಡಿತು. 1939ರಲ್ಲಿ ಯಂತ್ರ ಮಾರಾಟಕ್ಕೆ ಬಂತು. ಹೆಲ್ಮುಟ್ ಅದರಲ್ಲಿ ವೈರಸ್‌ಗಳನ್ನು ಕಂಡರು. 1944ರ ಬಾಂಬ್ ದಾಳಿ ಪ್ರಯೋಗಾಲಯವನ್ನು ನಾಶಮಾಡಿತು. ಯುದ್ಧ ಮುಗಿದ ಮೇಲೆ ಅಣ್ಣ ಮತ್ತೆ ಕಟ್ಟಲು ಕುಳಿತರು.

ಅಂಗಾಂಶವನ್ನು ಅತಿ ತೆಳುವಾಗಿ ಕೊಯ್ಯುವ ವಿಧಾನ ಬಂದ ಮೇಲೆ ಯಂತ್ರ ಗೆಡ್ಡೆಗಳ ಅಧ್ಯಯನಕ್ಕೂ ಒದಗಿತು. ಜೊಲ್ಲುಗ್ರಂಥಿಯ ಕೆಲವು ಗೆಡ್ಡೆಗಳಲ್ಲಿ ಕೋಶಗಳೂ ಅವುಗಳ ನಡುವಿನ ಆಧಾರ ಅಂಗಾಂಶವಾದ ಸ್ಟ್ರೋಮಾವೂ ಬೆರೆತಿರುತ್ತವೆ. ಆ ಸ್ಟ್ರೋಮಾ ಮೂಡುವುದರಲ್ಲಿ ಮಯೋಎಪಿಥೀಲಿಯಲ್ ಕೋಶಗಳ ಪಾತ್ರವಿದೆ ಎಂದು ತಿಳಿಯಲು ಈ ಯಂತ್ರ ನೆರವಾಯಿತು.

ರುಸ್ಕಾಗೆ ನೊಬೆಲ್ ಬಂದದ್ದು 1986ರಲ್ಲಿ, 80ರ ಹೊಸ್ತಿಲಲ್ಲಿ. ಎರಡು ವರ್ಷದ ನಂತರ ಅವರು ತೀರಿಕೊಂಡರು. ನೊಬೆಲ್ ಸಂಭ್ರಮ ನೋಡಲು ಹೆಲ್ಮುಟ್ ಇರಲಿಲ್ಲ. 1973ರಲ್ಲೇ ಅವರು ನಿಧನರಾಗಿದ್ದರು.